ಮೊದಲ ಮತ: ಚುನಾವಣಾ ಶಾಖೆಯಲ್ಲಿದ್ದವರನ್ನು ಕೇಳಿ

(ಬೆಂಗಳೂರಿನ ಒಂದು ಬಡಾವಣೆಯ ನಿವಾಸಿಗಳ ಗುಂಪು. ಉತ್ತರಿಸುವವರು ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದ ಶಾರದಮ್ಮ.)

ಮೇಘನಾ: ಮೇಡಂ, ನನಗೆ ಆಗಸ್ಟ್‌ನಲ್ಲಿ ಹದಿನೆಂಟು ತುಂಬುತ್ತದೆ. ಜನವರಿವರೆಗೆ ಕಾಯಬೇಕೆ?

ಶಾರದಮ್ಮ: ಬೇಡಮ್ಮ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು ನಾಲ್ಕೂ ಅರ್ಹತಾ ದಿನಗಳೇ. ನಿನ್ನದು ಅಕ್ಟೋಬರ್ 1. ಹದಿನೇಳು ದಾಟಿದವರು ಹೆಸರು ಸೇರಿಸಲು ಮುಂಗಡವಾಗಿ ನಮೂನೆ 6 ಸಲ್ಲಿಸಬಹುದು. ಈಗಲೇ ಕೊಡು.

ಕಿರಣ್: ಎಪಿಕ್ ಕಾರ್ಡ್ (ಮತದಾರರ ಗುರುತಿನ ಚೀಟಿ) ಕೈಸೇರಿಲ್ಲ. ಆಧಾರ್ ನಡೆಯುತ್ತದೆಯೇ?

ಶಾರದಮ್ಮ: ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನಡೆಯುತ್ತದೆ.

ದರ್ಶನ್: 2023ರ ಮೇ 10ರಂದು ನನ್ನ ಮೊದಲ ಮತ. ಸಾಲಿನಲ್ಲಿ ನಿಂತು ಒಳಗೆ ಹೋದರೆ ನನ್ನ ಹೆಸರಿನ ಕೆಳಗೆ ಆಗಲೇ ಕೆಂಪು ಗೆರೆ. ‘ನಿಮ್ಮ ಮತ ಆಗಿದೆ, ಹೊರಡಿ’ ಎಂದರು. ಬೆರಳಿಗೆ ಶಾಯಿಯೇ ತಾಗಿರಲಿಲ್ಲ. 2024ರಲ್ಲಿ ಹೋಗಲೇ ಇಲ್ಲ. ಯಾಕೆ ಹೋಗಬೇಕು?

ಶಾರದಮ್ಮ: ದರ್ಶನ್, ನಿಮ್ಮನ್ನು ಹಾಗೆ ಕಳುಹಿಸಿದ್ದು ತಪ್ಪು. ಇದಕ್ಕೆಂದೇ ಚುನಾವಣಾ ನಿಯಮಗಳಲ್ಲಿ 49ಪಿ ಇದೆ. ಪಟ್ಟಿ ಹಿಡಿದವರೊಂದಿಗೆ ವಾದಕ್ಕಿಳಿಯದೆ ನೇರವಾಗಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಮೇಜಿಗೆ ಹೋಗಬೇಕು. ಗುರುತಿನ ಬಗ್ಗೆ ಅವರು ಕೇಳುವ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದರೆ, ಮತಯಂತ್ರದ ಬದಲು ‘ಟೆಂಡರ್ಡ್’ ಎಂದು ಹಿಂಬದಿಯಲ್ಲಿ ಗುರುತಿಸಿದ ಕಾಗದದ ಮತಪತ್ರ ಕೊಡುತ್ತಾರೆ. ಟೆಂಡರ್ಡ್ ಮತಗಳ ಪಟ್ಟಿಯಾದ ನಮೂನೆ 17ಬಿಯಲ್ಲಿ ಸಹಿ ಮಾಡಿ, ಬಾಣದ ಗುರುತಿನ ಮೊಹರು ಒತ್ತಿ, ಮಡಚಿ ಅವರ ಕೈಗೇ ಕೊಡಬೇಕು. ಅದು ಪ್ರತ್ಯೇಕ ಲಕೋಟೆಗೆ ಹೋಗುತ್ತದೆ. ಎಣಿಕೆಯ ದಿನ ಆ ಲಕೋಟೆ ತೆರೆಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ತಕರಾರು ಅರ್ಜಿ ಹೈಕೋರ್ಟಿಗೆ ಹೋದರೆ ಮಾತ್ರ ಅದಕ್ಕೆ ಬೆಲೆ. ಆದರೆ ನಿಮ್ಮ ಮತವನ್ನು ಇನ್ನೊಬ್ಬರು ಹಾಕಿದರೆಂಬುದಕ್ಕೆ ದಾಖಲೆ ಅದೇ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಧ್ರುವನಾರಾಯಣ ಅವರಿಗೆ 40,752 ಮತ, ಕೃಷ್ಣಮೂರ್ತಿ ಅವರಿಗೆ 40,751. ಅಂಥ ಕಡೆ ಒಂದು ಲಕೋಟೆಯ ಬೆಲೆ ನೀವೇ ಲೆಕ್ಕ ಹಾಕಿ. ನನ್ನನ್ನು ಕಾಡುವ ಸಂಶಯ ಬೇರೆ. ಅದೇ ಪಟ್ಟಿಯಲ್ಲಿ ನಿಮ್ಮ ಹೆಸರಿನವರು ಮತ್ತೊಬ್ಬರಿದ್ದಾರೆಯೇ? ನೋಡಿ ಹೇಳಿ.

ಶ್ರೀಧರ ರಾವ್: ಫಾರ್ವರ್ಡ್ ಬಂದಿದೆ. ‘ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ ಸೆಕ್ಷನ್ 49ಎ ಅಡಿ ಚಾಲೆಂಜ್ ಮತ ಕೇಳಿ. ಶೇ 14ರಷ್ಟು ಟೆಂಡರ್ಡ್ ಮತ ಬಿದ್ದರೆ ಮರುಮತದಾನ. ಎಲ್ಲರಿಗೂ ತಿಳಿಸಿ!’

ಶಾರದಮ್ಮ: ಎಲ್ಲವೂ ಸುಳ್ಳು. 49ಎ ಇರುವುದು ಮತಯಂತ್ರದ ವಿನ್ಯಾಸದ ಬಗ್ಗೆ. ಚಾಲೆಂಜ್ ಮಾಡುವವರು ಅಭ್ಯರ್ಥಿಗಳ ಏಜೆಂಟರು, ಎರಡು ರೂಪಾಯಿ ಕಟ್ಟಿ, ಅದೂ ಮತದಾರನ ಗುರುತನ್ನು. ಶೇ 14ರ ಲೆಕ್ಕ ಯಾವ ನಿಯಮದಲ್ಲೂ ಇಲ್ಲ. ಇದನ್ನು ನಂಬಿ ಪಟ್ಟಿಯನ್ನೇ ನೋಡದೆ ಬಂದವರು ಮತಗಟ್ಟೆಯಲ್ಲಿ ನಮ್ಮ ಮೇಲೆ ಕೂಗಾಡುತ್ತಾರೆ. ಅಳಿಸಿ.

ಶ್ರೀಧರ ರಾವ್: ಒಳ್ಳೆಯ ಉದ್ದೇಶದಿಂದ ಹಾಕಿದೆ.

ಶಾರದಮ್ಮ: ಒಳ್ಳೆಯ ಉದ್ದೇಶದಿಂದಲೇ ಅಳಿಸಿ.

ಲತಾ: ದುಬೈನಲ್ಲಿರುವ ನನ್ನ ತಮ್ಮ ಅಲ್ಲಿಂದಲೇ ಮತ ಹಾಕಬಹುದೇ?

ಮಂಜುನಾಥ: ಶುಕ್ರವಾರ ಮತದಾನವಿಟ್ಟರೆ ನಮ್ಮವರು ಗುರುವಾರವೇ ಚಿಕ್ಕಮಗಳೂರಿಗೆ ಗಾಡಿ ಹತ್ತುತ್ತಾರೆ. 2024ರಲ್ಲಿ ಮಂಡ್ಯ ಶೇ 80 ದಾಟಿತು, ಬೆಂಗಳೂರು ದಕ್ಷಿಣ ಶೇ 53ಕ್ಕೆ ನಿಂತಿತು.

ಪ್ರಕಾಶ್: ಮನೆ ಖಾಲಿ ಮಾಡಿ ಹೋದ ಬಾಡಿಗೆದಾರರ ಹೆಸರು ಇನ್ನೂ ಇಲ್ಲಿಯ ಪಟ್ಟಿಯಲ್ಲಿದೆ. ಶೇಕಡಾವಾರು ಹಿಡಿದು ಎಲ್ಲರನ್ನೂ ಬೈಯಬೇಡಿ.

ಮಂಜುನಾಥ: ವಿಳಾಸ ಬದಲಿಸುವ ನಮೂನೆ 8 ತುಂಬಲಾಗದವರಿಗೆ ರೆಸಾರ್ಟ್ ಕಾಯ್ದಿರಿಸಲು ಮಾತ್ರ ಚೆನ್ನಾಗಿ ಬರುತ್ತದೆ.

ದರ್ಶನ್: ಮೇಡಂ, ಇದ್ದಾರೆ. ಹೆಸರು ಒಂದೇ, ತಂದೆಯ ಹೆಸರು ಬೇರೆ.

ಶಾರದಮ್ಮ: ಹಾಗಾದರೆ ಗೆರೆ ತಪ್ಪು ಸಾಲಿಗೆ ಬಿದ್ದಿರಬಹುದು. ಮುಂದಿನ ಸಲ ಪಟ್ಟಿಯಲ್ಲಿನ ಭಾಗ ಸಂಖ್ಯೆ, ಕ್ರಮಸಂಖ್ಯೆ ಬರೆದುಕೊಂಡು ಬೆಳಿಗ್ಗೆ ಏಳಕ್ಕೇ ಹೋಗಿ.

ಅನುಷಾ: ಯಾರೂ ಬೇಡವೆಂದರೆ ನೋಟಾ ಒತ್ತಿ. ಅದು ಗೆದ್ದರೆ ಮರುಚುನಾವಣೆ.

ಶಾರದಮ್ಮ: ವಿಧಾನಸಭೆಗೂ ಲೋಕಸಭೆಗೂ ಆ ನಿಯಮವಿಲ್ಲ. ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ.

ಸುಮಾ: ಆಧಾರ್ ಇದ್ದರೆ ಸಾಕೇ?

ಶಾರದಮ್ಮ: ಮೇಲೆ ಓದಿ.

ಮಂಜುನಾಥ: 2023ರಲ್ಲಿ ಜಯನಗರದ ಗೆಲುವಿನ ಅಂತರ 16 ಮತ. ಪ್ರಕಾಶರ ಕಟ್ಟಡದ ಒಂದು ಮಹಡಿ ಸಾಕಿತ್ತು.

ಪ್ರಕಾಶ್: ನಮ್ಮ ಮಹಡಿಯ ಸುದ್ದಿ ನಿಮಗೆ ಬೇಡ. ನಿಮ್ಮ ಮನೆಯ ವಿಳಾಸದಲ್ಲಿ ತೀರಿಕೊಂಡವರ ಹೆಸರು ಇನ್ನೂ ಇದೆ.

ಶಾರದಮ್ಮ: ಇದ್ದರೆ ಹೆಸರು ತೆಗೆಸಲು ನಮೂನೆ 7 ಕೊಡಿ. ಇಲ್ಲಿ ಕಿರುಚಬೇಡಿ.