ತಂಗಿಗೆ ಬಾರ್ಡರ್‌ಲೈನ್ ಅಂದಿದ್ದಾರೆ, ಮನೆಯಲ್ಲಿ ಹೇಗಿರೋದು?

ಕೇಳಿದವರು, ಮೈಸೂರು:
ತಂಗಿಗೆ 24 ವರ್ಷ. ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಅಂತ ಡಾಕ್ಟರು ಹೇಳಿದ್ದಾರೆ. ಬೆಳಿಗ್ಗೆ ‘ಅಕ್ಕಾ, ನೀನಿಲ್ಲದಿದ್ರೆ ನಾನಿಲ್ಲ’ ಅನ್ನುತ್ತಾಳೆ. ಸಂಜೆ ‘ಮುಖ ತೋರಿಸಬೇಡ’. ಇಂಥವರ ಜೊತೆ ಬಾಳಿದವರು ಯಾರಾದರೂ ಇದ್ದರೆ ಹೇಳಿ.

ಸರಸ್ವತಿಪುರಂನಿಂದ:
ನನ್ನ ಹೆಂಡತಿಗೂ ಇದೇ, ಏಳು ವರ್ಷ ಆಯಿತು. ಮೊದಲು ಬೈಪೋಲಾರ್ ಅಂದುಕೊಂಡಿದ್ದೆವು. ಅದರಲ್ಲಿ ಮನಸ್ಸಿನ ಏರಿಳಿತ ದಿನಗಟ್ಟಲೆ, ವಾರಗಟ್ಟಲೆ ಇರುತ್ತದೆ. ಇವಳದ್ದು ಕಾಫಿ ಆರುವಷ್ಟರಲ್ಲಿ ತಿರುಗುತ್ತಿತ್ತು.

ನಾನು ದಿನಾ ಮಂಡ್ಯಕ್ಕೆ ರೈಲಲ್ಲಿ ಓಡಾಡುವವನು. ಒಂದು ಸಂಜೆ ಶ್ರೀರಂಗಪಟ್ಟಣಕ್ಕೆ ಮುಂಚೆ ರೈಲು ನಿಂತುಬಿಟ್ಟಿತು. ಫೋನಲ್ಲಿ ಚಾರ್ಜ್ ಇಲ್ಲ. ಮನೆ ಸೇರಿದಾಗ ಒಂಬತ್ತು. ನನ್ನ ಬಟ್ಟೆಯೆಲ್ಲ ಸೂಟ್‌ಕೇಸಿಗೆ ತುಂಬಿ ಬಾಗಿಲಲ್ಲಿ ಇಟ್ಟಿದ್ದಳು. ಪಕ್ಕದಲ್ಲೇ ಊಟ ಬಡಿಸಿ, ಮೇಲೆ ತಟ್ಟೆ ಮುಚ್ಚಿತ್ತು! ‘ರೈಲು ನಿಂತರೆ ನಾನೇನು ಮಾಡ್ಲಿ’ ಅಂತ ವಾದಕ್ಕಿಳಿದೆ. ತಪ್ಪು ನನ್ನದೇ. ‘ನಾನು ಬರೋದೇ ಇಲ್ಲ ಅಂತ ಹೆದರಿದೆಯಾ?’ ಅಂದಿದ್ದರೆ ಸಾಕಿತ್ತು. ಈಗ ಹಾಗೇ ಕೇಳುತ್ತೇನೆ. ಹಾಗಂತ ಬೈದಿದ್ದೆಲ್ಲ ಕೇಳಿಸಿಕೊಂಡು ಕೂರುವುದಿಲ್ಲ. ‘ಪಾರ್ಕಿಗೆ ಹೋಗಿ ಏಳೂವರೆಗೆ ಬರ್ತೀನಿ’ ಅಂತ ಹೇಳಿ ಹೊರಡುತ್ತೇನೆ. ಏಳೂವರೆ ಅಂದರೆ ಏಳೂವರೆಯೇ. ಹೇಳದೆ ಎದ್ದು ಹೋದರೆ ಕೆಟ್ಟಿತು.

ಈ ಕಾಯಿಲೆಗೇ ಅಂತ ಮಾತ್ರೆ ಇಲ್ಲ. ಜೊತೆಗೆ ಬರುವ ಖಿನ್ನತೆ, ನಿದ್ದೆಗೇಡಿಗೆ ಕೊಡುತ್ತಾರೆ, ಅಷ್ಟೇ. ನಮಗೆ ಆಗಿಬಂದದ್ದು ಡಿಬಿಟಿ ಅನ್ನುವ ಥೆರಪಿ, ಅಂದರೆ ಮನಸ್ಸು ಉಕ್ಕಿದಾಗ ಸಂಭಾಳಿಸುವುದನ್ನು ಕಲಿಸುವ ಮಾತಿನ ಚಿಕಿತ್ಸೆ. ಅದನ್ನು ರೂಪಿಸಿದ ಅಮೆರಿಕದ ಮಾರ್ಷಾ ಲೈನ್ಹನ್, ತಾವೂ ಚಿಕ್ಕ ವಯಸ್ಸಲ್ಲಿ ಆಸ್ಪತ್ರೆಯಲ್ಲಿದ್ದು ನರಳಿದವರು ಅಂತ 2011ರಲ್ಲಿ ಎಲ್ಲರೆದುರು ಹೇಳಿಕೊಂಡರು. ಅದನ್ನು ಕೇಳಿದ ದಿನ ನನ್ನ ಹೆಂಡತಿ ತಾನಾಗಿಯೇ ‘ನಾಳೆ ಎಷ್ಟು ಗಂಟೆಗೆ ಹೋಗೋಣ?’ ಅಂದಳು.

ಮಂಡ್ಯದಿಂದ, ಒಬ್ಬ ತಾಯಿ:
‘ಮದುವೆ ಮಾಡಿ, ಸರಿ ಹೋಗ್ತಾಳೆ’ ಅಂತ ನೆಂಟರು ಬರುತ್ತಾರೆ, ಕಾಫಿ ಕೊಟ್ಟು ಕಳಿಸಿ. ‘ಸಾಯ್ತೀನಿ’ ಅಂದರೆ ಮಾತ್ರ ನಾಟಕ ಅನ್ನಬೇಡಿ ಕಣಮ್ಮ. ನಾನು ಒಂದು ಸಲ ಅಂದಿದ್ದೆ. ಒಬ್ಬಳನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಾತ್ರಿ ಎರಡು ಗಂಟೆಗೆ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಮಾಡಿದ್ದು ಮಗಳಿಗಲ್ಲ, ನನಗೇ.

ಕೇಳಿದವರು:
ಅಮ್ಮಾ, ನಂಬರ್ ಬರೆದುಕೊಂಡೆ. ಅಣ್ಣಾ, ಅವತ್ತು ಊಟ ಮಾಡಿದಿರಾ?

ಸರಸ್ವತಿಪುರಂನಿಂದ:
ಮಾಡದೆ ಇರ್ತೀನಾ? ಮುದ್ದೆ, ಹುರುಳಿಕಾಳಿನ ಸಾರು. ಸೂಟ್‌ಕೇಸ್ ಮೇಲೇ ಕೂತು.