ಎಚ್‌ಒ ಬಿಟ್ಟು ಬೇರೆ ಸ್ಕೇಲ್ ಹಿಡಿದವರು ಏಕೆ ಹಿಡಿದಿರಿ?

ಪ್ರಶ್ನೆ: ರಾಜಾಜಿನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮಾದರಿ ರೈಲು ಕಟ್ಟುವ ಆಸೆ ಬಹಳ ದಿನದ್ದು. ಕೇಳಿದವರೆಲ್ಲ ಕಣ್ಣು ಮುಚ್ಚಿಕೊಂಡು ಎಚ್‌ಒ ಸ್ಕೇಲ್ (1:87, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಅಳತೆ) ತೆಗೆದುಕೊಳ್ಳಿ ಎನ್ನುತ್ತಾರೆ. ಆದರೆ ನನಗೆ ಬೇಕಿರುವುದು ನಮ್ಮ ರೈಲುಗಳು. ಹೆಚ್ಚು ಜನ ಬಳಸದ ಸ್ಕೇಲ್ ಆರಿಸಿಕೊಂಡವರು ಕಾರಣ ತಿಳಿಸುತ್ತೀರಾ?

ಉತ್ತರ, ವಿಜಯನಗರದಿಂದ:
ಸರ್, ಎಚ್‌ಒ ಎನ್ನುವವರ ಮಾತು ಸುಳ್ಳಲ್ಲ. ಎಂಜಿನ್, ಬೋಗಿ, ಮನೆ, ಮರ ಎಲ್ಲವೂ ಸಿದ್ಧವಾಗಿ ಸಿಗುವುದೇ ಅದರ ಹೆಚ್ಚುಗಾರಿಕೆ. ಆದರೆ ಆ ರಾಶಿಯಲ್ಲಿ ನಮ್ಮ ರೈಲು ಎಷ್ಟಿದೆ? ಹುಡುಕಿದರೆ ಬೆರಳೆಣಿಕೆ. ಹೇಗೂ ಬೋಗಿಯನ್ನು ಕೈಯಾರೆ ಕಟ್ಟಬೇಕು ಎಂದಾದ ಮೇಲೆ ಹತ್ತು ಜನ ಹೋಗುವ ದಾರಿಯಲ್ಲೇ ಹೋಗಬೇಕೆಂಬ ಹಟವೇಕೆ?

ನಾನು ಹಿಡಿದದ್ದು 1:101.6, ಅಂದರೆ ಒಂದು ಅಡಿಗೆ 3 ಮಿ.ಮೀ. ಬ್ರಿಟನ್ನಿನಲ್ಲಿ ಟ್ರೈ-ಆಂಗ್ ಕಂಪನಿ 1957ರಲ್ಲಿ ಈ ಅಳತೆಯ ರೈಲುಗಳನ್ನು 12 ಮಿ.ಮೀ. ಹಳಿಯೊಂದಿಗೆ ಮಾರಾಟಕ್ಕೆ ತಂದಿತ್ತು. ಅದು ಬಹುಕಾಲ ಬಾಳಲಿಲ್ಲ. ನನ್ನನ್ನು ಸೆಳೆದದ್ದು ಒಂದು ಲೆಕ್ಕ. ನಮ್ಮ ಬ್ರಾಡ್‌ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ಐದೂವರೆ ಅಡಿ, 1676 ಮಿ.ಮೀ. ಐದೂವರೆ ಗುಣಿಸು ಮೂರು, 16.5. ಎಚ್‌ಒ ಹಳಿಯ ಅಗಲವೂ 16.5 ಮಿ.ಮೀ.! ಪೇಟೆಯಲ್ಲಿ ಸಿಗುವ ಸಾಮಾನ್ಯ ಹಳಿಯೇ ನಮ್ಮ ಬ್ರಾಡ್‌ಗೇಜ್ ಆಗಿಬಿಡುತ್ತದೆ. ಅದೇ ಹಳಿಯ ಮೇಲೆ 1:87ರ ಬೋಗಿ ನಿಲ್ಲಿಸಿದರೆ ಅದು 1435 ಮಿ.ಮೀ.ನ ವಿದೇಶಿ ಗೇಜ್, 24 ಸೆಂ.ಮೀ. ಖೋತಾ. ಎದುರಿನಿಂದ ನೋಡಿದರೆ ಸಣಕಲು ಕಾಲಿನ ದಢೂತಿ ಆಸಾಮಿಯ ಹಾಗೆ ಕಾಣುತ್ತದೆ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಅದನ್ನು ಮರೆಯುವುದು ಕಷ್ಟ.

ಐಸಿಎಫ್ (ಚೆನ್ನೈ ಕಾರ್ಖಾನೆಯ) ಬೋಗಿ ಈ ಸ್ಕೇಲಿನಲ್ಲಿ 21 ಸೆಂ.ಮೀ. ಉದ್ದ, ಸುಮಾರು 32 ಮಿ.ಮೀ. ಅಗಲ. ಪಕ್ಕದ ಗೋಡೆಗಳನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸುತ್ತೇನೆ. ಸ್ಲೀಪರ್ ಬೋಗಿಯ ಕಿಟಕಿ ಸರಳುಗಳಿಗೆ ಎಸ್‌ಪಿ ರಸ್ತೆಯಲ್ಲಿ ಸಿಗುವ ವೈರಿನ ಸಿಪ್ಪೆ ಸುಲಿದು, ಒಳಗಿನ ತಾಮ್ರದ ಎಳೆಗಳನ್ನು ಗಾಜಿನ ಮೇಲೆ ಉರುಳಿಸಿ ನೆಟ್ಟಗೆ ಮಾಡಿಕೊಳ್ಳುವುದು. ಒಳಗಿನಿಂದ ಒಂದೊಂದಾಗಿ ಅಂಟಿಸುವುದು. ನಾಲ್ಕನೇ ಕಿಟಕಿಗೆ ಬರುವಷ್ಟರಲ್ಲಿ ಬೆನ್ನು ಮಾತಾಡುತ್ತದೆ. ಇನ್ನು ಚಕ್ರ. ಲೆಕ್ಕದ ಪ್ರಕಾರ ವ್ಯಾಸ 9 ಮಿ.ಮೀ. ಬೇಕು, ಎಚ್‌ಒದಲ್ಲಿ ಅಮೆರಿಕದ 33 ಇಂಚಿನ ಚಕ್ರ 9.6 ಬರುತ್ತದೆ. ನಾನು ಅದನ್ನೇ ಹಾಕುತ್ತೇನೆ, ಗುರುತಿಸಿದವರು ಈವರೆಗೆ ಯಾರೂ ಇಲ್ಲ. ಮನುಷ್ಯರಿಗೂ ಮರಗಳಿಗೂ ವಿದೇಶದ ಕಡೆ ನೋಡಬೇಕಿಲ್ಲ: ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಬಳಸುವ 1:100ರ ಗೊಂಬೆಗಳು ಧಾರಾಳವಾಗಿ ಹೊಂದುತ್ತವೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸ್ಕೇಲ್ ಎಷ್ಟು ಬೇಕಾದರೂ ಅಪರೂಪದ್ದಾಗಲಿ, ಹಳಿ, ಚಕ್ರ, ಮೋಟಾರು ಸುಲಭವಾಗಿ ಸಿಗುವ ಗೇಜಿನವೇ ಆಗಿರಲಿ. ಹಳಿಯನ್ನೂ ನೀವೇ ತಯಾರಿಸಲು ಹೊರಟರೆ ರೈಲು ಓಡುವ ಹೊತ್ತಿಗೆ ಮನೆಯ ಮಾಲೀಕರು ಎರಡು ಸಲ ಬಾಡಿಗೆ ಏರಿಸಿರುತ್ತಾರೆ.

ಉತ್ತರ, ಬನಶಂಕರಿಯಿಂದ:
ಮೇಲಿನವರ ಲೆಕ್ಕ ಸೊಗಸಾಗಿದೆ, ಆದರೆ ನನಗೆ ಬೇಕಿದ್ದದ್ದು ಉದ್ದ. ನಮ್ಮ ರೈಲಿನ ಗತ್ತು ಇರುವುದೇ ಅದರ ಉದ್ದದಲ್ಲಿ. ಇಪ್ಪತ್ನಾಲ್ಕು ಬೋಗಿಯ ರೈಲು ಎಚ್‌ಒದಲ್ಲಿ ಆರು ಮೀಟರ್ ದಾಟುತ್ತದೆ, ಎನ್ ಸ್ಕೇಲಿನಲ್ಲಿ (1:160) ಮೂರೂವರೆ ಮೀಟರಿನೊಳಗೆ ಮುಗಿಯುತ್ತದೆ. ಎನ್ ಹೊರಗೆ ಅಪರೂಪವೇನಲ್ಲ. ನಮ್ಮ ರೈಲು ಕಟ್ಟುವವರಲ್ಲಿ ಅಪರೂಪ. ಅದರ 9 ಮಿ.ಮೀ. ಹಳಿಯೂ ವಿದೇಶಿ ಗೇಜೇ, ನಿಜಕ್ಕೂ ಹತ್ತೂವರೆ ಬೇಕು. ಆದರೂ ಆ ಗಾತ್ರದಲ್ಲಿ ಮನಸ್ಸು ಒಪ್ಪಿಕೊಳ್ಳುತ್ತದೆ. ತೊಂದರೆ ಬೇರೆ ಕಡೆ ಇದೆ: ನಮ್ಮ ರಸ್ತೆಯ ಧೂಳು. ಹಗುರವಾದ ಎಂಜಿನ್, ಸಣ್ಣ ಚಕ್ರ. ಹಳಿಯ ಮೇಲೆ ತುಸು ಧೂಳು ಕೂತರೂ ವಿದ್ಯುತ್ ತಪ್ಪಿ ನಿಂತುಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಹಳಿ ಒರೆಸದೆ ನಾನು ಸ್ವಿಚ್ಚನ್ನೇ ಮುಟ್ಟುವುದಿಲ್ಲ.

ಉತ್ತರ, ಯಲಹಂಕದಿಂದ:
ಉದ್ದ ಏಕೆ ಬೇಕು ಸ್ವಾಮಿ? ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರ ಸುತ್ತಿ ಯಲಹಂಕಕ್ಕೆ ಬರುತ್ತಿದ್ದ ಎರಡೂವರೆ ಅಡಿ ಗೇಜಿನ ಪುಟ್ಟ ರೈಲನ್ನು ಕಟ್ಟಿ. 762 ಮಿ.ಮೀ. ಗೇಜ್ 1:87ರಲ್ಲಿ 8.76 ಆಗುತ್ತದೆ, ಎನ್ ಹಳಿ 9. ಕೂದಲೆಳೆಯ ವ್ಯತ್ಯಾಸ. ಎನ್ ಎಂಜಿನ್ನಿನ ತಳ ತೆಗೆದುಕೊಂಡು ಮೇಲ್ಕವಚವನ್ನು ನೀವೇ ಮಾಡಿ. ನಾಲ್ಕು ಬೋಗಿ, ಕಡಿದಾದ ತಿರುವು, ನಂದಿ ಹಾಲ್ಟ್‌ನಂಥ ಒಂದು ನಿಲ್ದಾಣ. ನನ್ನ ಹಲಗೆ ಮಂಚದ ಕೆಳಗೆ ಹೋಗುತ್ತದೆ, ಮನೆಯವರ ತಕರಾರಿಲ್ಲ.

ಉತ್ತರ, ಮಲ್ಲೇಶ್ವರದಿಂದ:
ನಾನು ಎಚ್‌ಒದವನೇ, ನನ್ನದೂ ಒಂದು ಮಾತು. ಗೆಳೆಯರು ತಮ್ಮ ರೈಲು ತಂದು ನನ್ನ ಹಳಿಯ ಮೇಲೆ ಓಡಿಸುತ್ತಾರೆ. ವಿಜಯನಗರದವರ ರೈಲೂ ಓಡೀತು, ಆದರೆ ನನ್ನದರ ಪಕ್ಕ ನಿಂತರೆ ಕುಳ್ಳಾಗುತ್ತದೆ. ಒಬ್ಬರೇ ಕೂತು ಕಟ್ಟುವವರಿಗೆ ಅದು ಲೆಕ್ಕಕ್ಕಿಲ್ಲ. ಜೊತೆ ಬೇಕೆನ್ನುವವರಿಗೆ ಇದೆ. ಅಪರೂಪದ್ದು ಎಂದೆಂದೂ ಅಪರೂಪವೆಂದೇನೂ ಇಲ್ಲ. ಮಾದರಿ ರೈಲಿನ ಕಂಪನಿ ಹಾರ್ನ್‌ಬಿ 2022ರಲ್ಲಿ 1:120ರ ಟಿಟಿ ಎಂಬ ಸ್ಕೇಲನ್ನು ಬ್ರಿಟನ್ನಿನ ಪೇಟೆಗೆ ತಂದಿತು. ಏನನ್ನೇ ಆರಿಸಿ, ದುಡ್ಡು ಬಿಚ್ಚುವ ಮೊದಲು ಒಂದು ಬೋಗಿಯನ್ನು ಮೂರು ಸ್ಕೇಲಿನಲ್ಲೂ ರಟ್ಟಿನಲ್ಲಿ ಕತ್ತರಿಸಿ, ರೈಲು ಇಡಬೇಕೆಂದಿರುವ ಜಾಗದಲ್ಲೇ ವಾರ ಕಾಲ ನಿಲ್ಲಿಸಿ ನೋಡಿ.