ಸಹಾಯ ಬೇಕು: ಸ್ವಂತ ಟ್ರಕ್ ಇರುವ ಡ್ರೈವರ್‌ಗಳಿಗೆ ನ್ಯಾಯವಾದ ಲೆಕ್ಕ ಯಾವುದು?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ನಮ್ಮದೊಂದು ಸಣ್ಣ ಟ್ರಕ್ಕಿಂಗ್ ಕಂಪನಿ ಇದೆ. ಸ್ವಂತ ಟ್ರಕ್ ಇರುವ ಕೆಲವು ಡ್ರೈವರ್‌ಗಳು ಲೀಸ್ ಮೇಲೆ (ಟ್ರಕ್ಕನ್ನು ನಮಗೆ ಗುತ್ತಿಗೆಗೆ ಕೊಟ್ಟು, ತಾವೇ ಓಡಿಸುತ್ತಾ) ನಮ್ಮ ಜೊತೆ ಸೇರಲಿದ್ದಾರೆ.

ಲೋಡಿನ ಬಾಡಿಗೆಯಲ್ಲಿ ಪಾಲು ಕೊಡಬೇಕೋ, ಮೈಲಿಗೆ ಇಷ್ಟು ಅಂತ ಕೊಡಬೇಕೋ? ಪಾಲಾದರೆ ಮಾರುಕಟ್ಟೆ ಬಿದ್ದಾಗ ಡ್ರೈವರ್‌ಗೇ ಪೆಟ್ಟು. ಟೈರು, ಇನ್ಶೂರೆನ್ಸ್, ಟ್ರಕ್ಕಿನ ಕಂತು ಯಾವುದೂ ಇಳಿಯುವುದಿಲ್ಲ. ಮೈಲಿ ಲೆಕ್ಕವಾದರೆ ಬಾಡಿಗೆ ಏರಿದಾಗ ಲಾಭವೆಲ್ಲ ಕಂಪನಿಗೆ. ಅದೂ ಸರಿಯಲ್ಲ ಅಲ್ವಾ? ಪಾಲಿನ ಜೊತೆ ಮೈಲಿಗೆ ಒಂದು ಕನಿಷ್ಠ ದರ ಖಾತ್ರಿ ಮಾಡೋಣ, ಖಾಲಿ ಓಡುವ ಮೈಲಿಗೂ ಅದು ಸಿಗಲಿ ಅನ್ನುವುದು ನನ್ನ ಮನಸ್ಸು. ಫ್ಯೂಯಲ್ ಸರ್‌ಚಾರ್ಜ್ (ಡೀಸೆಲ್ ಖರ್ಚಿಗೆ ಅಂತ ಗ್ರಾಹಕರು ಬಾಡಿಗೆ ಜೊತೆ ಕೊಡುವ ಹೆಚ್ಚುವರಿ ಹಣ) ಪೂರ್ತಿ ಡ್ರೈವರ್‌ಗೇ ಹೋಗಬೇಕು. ಡೀಸೆಲ್ ಹಾಕಿಸುವವರು ಅವರೇ ತಾನೆ.

ಫೆಡರಲ್ ನಿಯಮದ (49 ಸಿಎಫ್‌ಆರ್, ಭಾಗ 376) ಪ್ರಕಾರ ಡೆಲಿವರಿ ಕಾಗದ ಕೊಟ್ಟ 15 ದಿನದೊಳಗೆ ಹಣ ಕೊಡಬೇಕು. ಪಾಲಿನ ಲೆಕ್ಕವಾದರೆ ಬಾಡಿಗೆ ಬಿಲ್ಲಿನ ಪ್ರತಿಯನ್ನೂ ಕೊಡಬೇಕು. ಅದನ್ನೆಲ್ಲ ಬರೆದಾಗಿದೆ.

ಸಿಕ್ಕಿಹಾಕಿಕೊಂಡಿರುವುದು ಡಿಟೆನ್ಷನ್‌ನಲ್ಲಿ, ಅಂದರೆ ಲೋಡ್ ಹತ್ತಿಸುವಾಗ, ಇಳಿಸುವಾಗ ಟ್ರಕ್ ಕಾಯಿಸಿದ್ದಕ್ಕೆ ಕೊಡುವ ಹಣದಲ್ಲಿ. ಗೋದಾಮಿನವರು ಗಂಟೆಗಟ್ಟಲೆ ಕಾಯಿಸಿ, ಕೊನೆಗೆ ಗ್ರಾಹಕರು ಅದರ ಹಣ ಕೊಡದಿದ್ದರೆ ಕಂಪನಿ ಕೈಯಿಂದ ಕೊಡಬೇಕಾ? ಎಷ್ಟು ಗಂಟೆಯ ನಂತರ? ಲೀಸ್ ಮೇಲೆ ಓಡಿಸುವವರು, ಲೆಕ್ಕ ನೋಡುವವರು ಇದ್ದರೆ ನಿಮ್ಮ ಒಪ್ಪಂದದಲ್ಲಿ ಇದನ್ನು ಹೇಗೆ ಬರೆದಿದೆ ಅಂತ ದಯವಿಟ್ಟು ತಿಳಿಸಿ.